ಲಿಮಾ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಪೆರು ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಮಾಚು ಪಿಚು. ರಾಜಧಾನಿ ಲಿಮಾದಲ್ಲಿ ಒಂದು ರಾತ್ರಿ ಮಲಗಿ, ಬೆಳಗ್ಗೆ ಮಾಚು ಪಿಚು ಕಡೆಯ ಬೆಟ್ಟದೂರು ಕುಸ್ಕೊಗೆ ವಿಮಾನ ಹತ್ತಿಬಿಡುತ್ತಾರೆ. ಒಂದು ಕೋಟಿಯಷ್ಟು ಜನ ಬಾಳುವ, ಎರಡು ಸಾವಿರ ವರ್ಷದ ಕುರುಹುಗಳನ್ನು ಬೀದಿ ಬದಿಯಲ್ಲೇ ಇಟ್ಟುಕೊಂಡಿರುವ ಊರನ್ನು ಹಾಗೆ ದಾಟಿ ಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈ ಉತ್ತರಗಳನ್ನು ಬರೆದಿರುವುದೂ ಅದಕ್ಕೇ.

ಲಿಮಾಗೆ ಎಷ್ಟು ದಿನ ಇಡಬೇಕು?

ಕಡಿಮೆ ಅಂದರೂ ಮೂರು ಪೂರ್ತಿ ದಿನ. ಒಂದು ದಿನ ಹಳೇ ಊರಿಗೆ, ಒಂದು ದಿನ ಕಡಲ ಬದಿಯ ಬಡಾವಣೆಗಳಾದ ಮಿರಾಫ್ಲೋರೆಸ್ ಮತ್ತು ಬಾರ್ರಾಂಕೊಗೆ, ಇನ್ನೊಂದು ದಿನ ಪಚಾಕಾಮಾಕ್ ಎಂಬ ಪುರಾತನ ಯಾತ್ರಾಸ್ಥಳ ಮತ್ತು ಒಂದು ಒಳ್ಳೆಯ ಮ್ಯೂಸಿಯಂಗೆ. ಐದು ದಿನ ಸಿಕ್ಕರೆ ಇನ್ನೂ ಒಳ್ಳೆಯದು. ಭಾರತದಿಂದ ಹೋದವರಿಗೆ ಮೊದಲ ದಿನ ನಿದ್ದೆಯ ಲೆಕ್ಕವೇ ತಪ್ಪಿರುತ್ತದೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹತ್ತೂವರೆ ಗಂಟೆ ಹಿಂದೆ. ಹಾಗಾಗಿ ಆ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಯಾವ ತಿಂಗಳಲ್ಲಿ ಹೋದರೆ ಚೆನ್ನ?

ಬಿಸಿಲು ಬೇಕಿದ್ದರೆ ಡಿಸೆಂಬರ್‌ನಿಂದ ಏಪ್ರಿಲ್. ಅಲ್ಲಿ ಆಗ ಬೇಸಿಗೆ. ಆದರೆ ಇಲ್ಲೊಂದು ತೊಡಕಿದೆ. ಕುಸ್ಕೊ ಕಡೆಯ ಬೆಟ್ಟಗಳಲ್ಲಿ ಅದು ಮಳೆಗಾಲ. ಮಾಚು ಪಿಚುಗೆ ಹೇಳಿ ಮಾಡಿಸಿದ ಕಾಲ ಮೇ ತಿಂಗಳಿಂದ ಸೆಪ್ಟೆಂಬರ್, ಆ ತಿಂಗಳುಗಳಲ್ಲಿ ಲಿಮಾ ಮೇಲೆ ಬೂದು ಮೋಡ ಕವಿದಿರುತ್ತದೆ. ಎರಡೂ ಹೊಂದಬೇಕಿದ್ದರೆ ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ ನೋಡಿ.

ಈ ಬೂದು ಮೋಡದ ಹಿಂದಿರುವ ಕಾರಣ ಗೊತ್ತಿದ್ದರೆ ಊರೇ ಬೇರೆ ಥರ ಕಾಣುತ್ತದೆ. ಸಮಭಾಜಕ ರೇಖೆಯಿಂದ ಬೆಂಗಳೂರು ಉತ್ತರಕ್ಕೆ ಎಷ್ಟು ದೂರವೋ, ಲಿಮಾ ದಕ್ಷಿಣಕ್ಕೆ ಹೆಚ್ಚೂಕಡಿಮೆ ಅಷ್ಟೇ ದೂರ. ಸಮುದ್ರದ ಮಟ್ಟದಲ್ಲಿ ಬೇರೆ ಇದೆ. ಲೆಕ್ಕದ ಪ್ರಕಾರ ಮಂಗಳೂರಿನ ಹಾಗೆ ಬೆವರು ಸುರಿಯಬೇಕು. ಆದರೆ ಪಕ್ಕದ ಪೆಸಿಫಿಕ್ ಸಾಗರದಲ್ಲಿ ದಕ್ಷಿಣದಿಂದ ಹರಿದು ಬರುವ ಹಂಬೋಲ್ಟ್ ಶೀತ ಪ್ರವಾಹವಿದೆ. ತಣ್ಣನೆ ನೀರಿನ ಮೇಲಿನ ಗಾಳಿಯೂ ತಣ್ಣಗಾಗಿ, ಅದರ ಮೇಲೆ ಬೆಚ್ಚನೆ ಗಾಳಿ ಮುಚ್ಚಳ ಹಾಕಿದಂತೆ ಕೂರುತ್ತದೆ. ಮಂಜು, ಮೋಡ ಉಂಟಾಗುತ್ತವೆ. ಮೇಲಕ್ಕೇರಿ ಮಳೆಯಾಗಲು ಮಾತ್ರ ಆಗುವುದಿಲ್ಲ. ವರ್ಷವಿಡೀ ಬೀಳುವ ಮಳೆ ಒಂದೆರಡು ಸೆಂಟಿಮೀಟರ್ ಅಷ್ಟೇ. ಊರು ನಿಂತಿರುವುದು ಮರುಭೂಮಿಯ ಮೇಲೆ. ಚಳಿಗಾಲದಲ್ಲಿ ಗಾಳಿಯಲ್ಲಿ ತೇಲುವ ಸಣ್ಣ ತುಂತುರಿಗೆ ಅಲ್ಲಿನವರು ಗರುವಾ ಅನ್ನುತ್ತಾರೆ. ಕೊಡೆ ಬೇಡ, ಒಂದು ಜಾಕೆಟ್ ಸಾಕು. ಉಷ್ಣಾಂಶ 14–15 ಡಿಗ್ರಿಗಿಂತ ಕೆಳಗೆ ಹೋಗುವುದು ಅಪರೂಪ. ಆದರೂ ತೇವ ಜಾಸ್ತಿ ಇರುವುದರಿಂದ ಚಳಿ ಮೈಗೆ ಹತ್ತುತ್ತದೆ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಬೇಕಾ?

ಬೇಕು. ಆದರೆ ಒಂದು ವಿನಾಯಿತಿ ಇದೆ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಯುರೋಪಿನ ಷೆಂಗೆನ್ ದೇಶಗಳ ವೀಸಾ ಇದ್ದು, ಅದಕ್ಕೆ ಇನ್ನೂ ಆರು ತಿಂಗಳಾದರೂ ಅವಧಿ ಇದ್ದರೆ ಪೆರು ವೀಸಾ ಇಲ್ಲದೆ ಪ್ರವಾಸಕ್ಕೆ ಹೋಗಬಹುದು. ಆ ದೇಶಗಳ ಕಾಯಂ ನಿವಾಸಿಗಳಿಗೂ ಇದೇ ಅನುಕೂಲವಿದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಲಿಮಾ ಸುಲಭವಾಗಿರುವುದು ಇದರಿಂದಲೇ. ಇದಾವುದೂ ಇಲ್ಲದವರು ದೆಹಲಿಯ ಪೆರು ರಾಯಭಾರ ಕಚೇರಿಗೆ ಅರ್ಜಿ ಹಾಕಬೇಕು. ನಿಯಮ ಬದಲಾಗುತ್ತಿರುತ್ತದೆ. ಟಿಕೆಟ್ ತೆಗೆಯುವ ಮುಂಚೆ ಅವರ ಪ್ರಕಟಣೆ ನೋಡಿಕೊಳ್ಳಿ.

ಹಳದಿ ಜ್ವರದ ಲಸಿಕೆ ಹಾಕಿಸಲೇಬೇಕಾ? ನಾವು ಅಮೆಜಾನ್ ಕಾಡಿಗೆ ಹೋಗುವುದಿಲ್ಲ.

ಹಾಕಿಸಿ. ಬಹಳ ಜನ ಎಡವುವುದು ಇಲ್ಲೇ. ಲಿಮಾ ನಗರದಲ್ಲಿ ಹಳದಿ ಜ್ವರದ ಭಯವಿಲ್ಲ ನಿಜ. ಆದರೆ ಭಾರತ ಸರ್ಕಾರದ ಪಟ್ಟಿಯಲ್ಲಿ ಪೆರು ಹಳದಿ ಜ್ವರವಿರುವ ದೇಶ. ಅಲ್ಲಿಂದ ವಾಪಸ್ ಬರುವಾಗ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ ಹತ್ತು ದಿನದ ನಂತರವಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಮುಂಚೆಯೇ ದಿನ ಗೊತ್ತುಮಾಡಿಕೊಳ್ಳಬೇಕು. 60 ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ವೈದ್ಯರ ಹತ್ತಿರ ಮಾತಾಡಿ.

ಬೆಂಗಳೂರಿನಿಂದ ಹೇಗೆ ಹೋಗುವುದು?

ನೇರ ವಿಮಾನವಿಲ್ಲ. ಆಮ್‌ಸ್ಟರ್‌ಡ್ಯಾಮ್ ಅಥವಾ ಪ್ಯಾರಿಸ್ ಮೂಲಕ ಹೋದರೆ ಒಂದೇ ಕಡೆ ಇಳಿದು ಹತ್ತಿದರಾಯಿತು. ಒಟ್ಟು ಒಂದು ದಿನಕ್ಕಿಂತ ಜಾಸ್ತಿ ಹಿಡಿಯುತ್ತದೆ. ಅಮೆರಿಕದ ಮೂಲಕ ಹೋಗುವುದಾದರೆ ವಿಮಾನ ಬದಲಿಸಲಿಕ್ಕೂ ಅಮೆರಿಕದ ವೀಸಾ ಬೇಕು. ಅಗ್ಗದ ಟಿಕೆಟ್ ಸಿಕ್ಕಿತೆಂದು ತೆಗೆದುಬಿಡಬೇಡಿ.

ವಿಮಾನ ನಿಲ್ದಾಣದಿಂದ ಊರೊಳಗೆ?

ಹೋರ್ಹೆ ಚಾವೆಸ್ ವಿಮಾನ ನಿಲ್ದಾಣ ಇರುವುದು ಪಕ್ಕದ ಬಂದರು ಊರು ಕಯಾವೊದಲ್ಲಿ. 2025ರ ಜೂನ್‌ನಲ್ಲಿ ಹೊಸ ಟರ್ಮಿನಲ್ ಶುರುವಾಗಿದೆ. ಹಳೇ ಬ್ಲಾಗುಗಳಲ್ಲಿ ಬರೆದ ದಾರಿ, ಗೇಟುಗಳ ವಿವರ ಈಗ ಉಪಯೋಗಕ್ಕೆ ಬರುವುದಿಲ್ಲ. ಮಿರಾಫ್ಲೋರೆಸ್‌ಗೆ ಬಸ್ಸಿದೆ, ಅಧಿಕೃತ ಟ್ಯಾಕ್ಸಿ ಕೌಂಟರ್‌ಗಳಿವೆ, ಆ್ಯಪ್ ಟ್ಯಾಕ್ಸಿಗಳೂ ಇವೆ. ಹೊರಗೆ ಬಂದು ಕೈ ಹಿಡಿದು ಕರೆಯುವವರ ಹಿಂದೆ ಹೋಗಬೇಡಿ. ಸಂಜೆಯ ಟ್ರಾಫಿಕ್ ಬೆಂಗಳೂರಿನವರನ್ನೂ ದಣಿಸುತ್ತದೆ. ವಾಪಸ್ ಹೋಗುವ ದಿನ ಎರಡು ಗಂಟೆ ದಾರಿಗೇ ಇಟ್ಟುಕೊಳ್ಳಿ.

ಎಲ್ಲಿ ಉಳಿದುಕೊಳ್ಳುವುದು?

ಮೊದಲ ಸಲ ಹೋಗುವವರಿಗೆ ಮಿರಾಫ್ಲೋರೆಸ್. ಕಡಲಿನ ಪಕ್ಕ, ನಡೆದಾಡಲು ಅನುಕೂಲ, ರಾತ್ರಿಯೂ ಜನ ಓಡಾಡುತ್ತಿರುತ್ತಾರೆ. ನಿಧಾನದ ವಾತಾವರಣ, ಹಳೇ ಮನೆಗಳು, ಸಂಗೀತ ಇಷ್ಟವಿದ್ದರೆ ಬಾರ್ರಾಂಕೊ. ಗದ್ದಲವೇ ಬೇಡ ಅನ್ನುವವರಿಗೆ ಸಾನ್ ಇಸಿದ್ರೊ. ಅಲ್ಲಿರುವ ಎಲ್ ಒಲಿವಾರ್ ಉದ್ಯಾನದಲ್ಲಿ ಸ್ಪೇನಿನವರ ಕಾಲದಿಂದ ಬಂದ ಆಲಿವ್ ಮರಗಳಿವೆ. ಹಳೇ ಊರಿನಲ್ಲಿ ರೂಮು ಅಗ್ಗ, ಆದರೆ ಕತ್ತಲಾದ ಮೇಲೆ ಬೀದಿಗಳು ಬೇಗ ಖಾಲಿಯಾಗುತ್ತವೆ.

ಒಂದು ಉಪಯೋಗದ ಮಾತು. ವಿದೇಶಿ ಪ್ರವಾಸಿಗರಿಗೆ ಹೋಟೆಲ್ ರೂಮಿನ ಮೇಲಿನ 18% ತೆರಿಗೆ ಮಾಫಿ. ಪಾಸ್‌ಪೋರ್ಟ್ ಮತ್ತು ದೇಶದೊಳಗೆ ಬಂದ ದಾಖಲೆ ತೋರಿಸಬೇಕು. ಬಿಲ್ಲಿನಲ್ಲಿ ಆ ತೆರಿಗೆ ಹಾಕಿದ್ದರೆ ಕೇಳಿ ತೆಗೆಸಿ.

ಊರೊಳಗೆ ಓಡಾಡುವುದು ಹೇಗೆ?

ಮಿರಾಫ್ಲೋರೆಸ್, ಬಾರ್ರಾಂಕೊ, ಹಳೇ ಊರು ಈ ಮೂರನ್ನೂ ಜೋಡಿಸುವುದು ಮೆತ್ರೊಪೊಲಿತಾನೊ ಬಸ್. 2010ರಿಂದ ಓಡುತ್ತಿದೆ, ತನ್ನದೇ ಪ್ರತ್ಯೇಕ ಪಥವಿದೆ. ರೀಚಾರ್ಜ್ ಕಾರ್ಡ್ ಒಂದನ್ನು ಕೊಂಡರೆ ಮನೆಮಂದಿಯೆಲ್ಲ ಅದರಲ್ಲೇ ಒಬ್ಬೊಬ್ಬರಾಗಿ ಒಳಗೆ ಹೋಗಬಹುದು. ಬೆಳಗ್ಗೆ ಏಳರಿಂದ ಒಂಬತ್ತು, ಸಂಜೆ ಆರರಿಂದ ಎಂಟು ಕಾಲಿಡಲು ಜಾಗವಿರುವುದಿಲ್ಲ. ಆ ಹೊತ್ತು ಬಿಟ್ಟು ಹತ್ತಿ.

ಮೆಟ್ರೋದ ಮೊದಲ ಮಾರ್ಗ ಎತ್ತರದ ಹಳಿಯ ಮೇಲೆ ಓಡುತ್ತದೆ. ಪ್ರವಾಸಿ ತಾಣಗಳಿಗಿಂತ ಜನವಸತಿಗಳನ್ನೇ ಜಾಸ್ತಿ ಮುಟ್ಟುತ್ತದೆ. ಮರಳು ಗುಡ್ಡಗಳ ಮೇಲೆ ಹಬ್ಬಿದ ಬಣ್ಣಬಣ್ಣದ ಮನೆಗಳು ಅದರ ಕಿಟಕಿಯಿಂದ ಕಾಣುತ್ತವೆ. ಆಂಡಿಸ್ ಬೆಟ್ಟಗಳಿಂದ ಕೆಲಸ ಹುಡುಕಿಕೊಂಡು, ಹಿಂಸೆಗೆ ಹೆದರಿ ಬಂದವರು ಬರಿಗೈಯಲ್ಲಿ ಕಟ್ಟಿಕೊಂಡ ಬಡಾವಣೆಗಳು ಅವು. ಇಂದಿನ ಲಿಮಾದ ಬಹುಪಾಲು ಜನ ಅವರ ಮಕ್ಕಳು, ಮೊಮ್ಮಕ್ಕಳು.

ಬೀದಿಯ ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ, ಹತ್ತುವ ಮುಂಚೆ ದರ ಮಾತಾಡಬೇಕು. ಭಾಷೆ ಬರದಿದ್ದರೆ ಆ್ಯಪ್ ಟ್ಯಾಕ್ಸಿಯೇ ವಾಸಿ. ಊಬರ್, ಕ್ಯಾಬಿಫೈ ಎರಡೂ ಇವೆ. ಬಾಗಿಲಲ್ಲಿ ನಿಂತು ಊರ ಹೆಸರು ಕೂಗುವ ಸಣ್ಣ ಬಸ್ಸುಗಳಿಗೆ ಕೊಂಬಿ ಅನ್ನುತ್ತಾರೆ. ದಾರಿ ಗೊತ್ತಿರುವವರ ಜೊತೆ ಇದ್ದರೆ ಮಾತ್ರ ಹತ್ತಿ.

ಹಳೇ ಲಿಮಾದಲ್ಲಿ ಏನು ನೋಡಬೇಕು?

ಪ್ಲಾಸಾ ಮಯೋರ್‌ನಿಂದ ಶುರು ಮಾಡಿ. ಸ್ಪೇನಿನ ಫ್ರಾನ್ಸಿಸ್ಕೊ ಪಿಸಾರೊ 1535ರ ಜನವರಿ 18ರಂದು ಊರಿಗೆ ಅಡಿಪಾಯ ಹಾಕಿದ್ದು ಇಲ್ಲೇ. ಅಧ್ಯಕ್ಷರ ಅರಮನೆ, ಕೆಥೆಡ್ರಲ್, ನಗರಸಭೆ ಮೂರೂ ಈ ಚೌಕದ ಸುತ್ತ ಇವೆ. 1541ರಲ್ಲಿ ತನ್ನ ಎದುರಾಳಿಗಳ ಕತ್ತಿಗೆ ಬಲಿಯಾದ ಪಿಸಾರೊನ ಗೋರಿ ಕೆಥೆಡ್ರಲ್ ಒಳಗಿದೆ. 1821ರ ಜುಲೈ 28ರಂದು ಹೋಸೆ ದೆ ಸಾನ್ ಮಾರ್ತಿನ್ ಪೆರುವಿನ ಸ್ವಾತಂತ್ರ್ಯ ಘೋಷಿಸಿದ್ದೂ ಇದೇ ಚೌಕದಲ್ಲಿ. ಪ್ರತಿಭಟನೆಗಳಿದ್ದ ದಿನ ಪೊಲೀಸರು ಸುತ್ತ ಬೇಲಿ ಹಾಕಿರುತ್ತಾರೆ. ಆಗ ವಾದ ಮಾಡದೆ ಪಕ್ಕದ ಬೀದಿ ಹಿಡಿಯಿರಿ.

ಎರಡು ನಿಮಿಷ ನಡೆದರೆ ಸಾನ್ ಫ್ರಾನ್ಸಿಸ್ಕೊ ಮಠ. ಅದರ ನೆಲಮಾಳಿಗೆಯೇ ಹಿಂದೆ ಊರಿನ ಸ್ಮಶಾನವಾಗಿತ್ತು. ಸುಮಾರು 25,000 ಜನರ ಮೂಳೆಗಳು ಅಲ್ಲಿವೆ ಎಂದು ಅಂದಾಜು. ಗೈಡ್ ಜೊತೆಗೇ ಒಳಗೆ ಬಿಡುತ್ತಾರೆ, ಚಾವಣಿ ತಗ್ಗು, ಫೋಟೋ ತೆಗೆಯುವ ಹಾಗಿಲ್ಲ. ಸಣ್ಣ ಮಕ್ಕಳು ಹೆದರಬಹುದು. ಅದೇ ಮಠದ ಹಳೇ ಗ್ರಂಥಾಲಯ ಮತ್ತು ಮರದ ಗುಮ್ಮಟವನ್ನು ಬಿಡಬೇಡಿ. ಈ ಮಠ 1988ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, 1991ರಲ್ಲಿ ಇಡೀ ಹಳೇ ಊರೇ ಸೇರಿತು.

ಬೀದಿಯಲ್ಲಿ ನಡೆಯುವಾಗ ತಲೆ ಎತ್ತಿ ನೋಡುತ್ತಿರಿ. ಪೂರ್ತಿ ಮುಚ್ಚಿದ, ಕೆತ್ತನೆಯ ಮರದ ಬಾಲ್ಕನಿಗಳು ಲಿಮಾದ ಗುರುತು. 1735ರ ತೋರ್ರೆ ತಾಗ್ಲೆ ಅರಮನೆಯ ಬಾಲ್ಕನಿಗಳು ಅವುಗಳಲ್ಲೆಲ್ಲ ಚೆಂದ. ಈಗ ಅದು ವಿದೇಶಾಂಗ ಇಲಾಖೆಯ ಕೈಯಲ್ಲಿದೆ, ಸಾಮಾನ್ಯವಾಗಿ ಹೊರಗಿನಿಂದಲೇ ನೋಡಬೇಕು. ಅಲ್ಲಿಂದ ಚೀನೀ ಬಡಾವಣೆಯ ಕಪೋನ್ ಬೀದಿಗೆ ನಡೆದು ಹೋಗಿ ಊಟ ಮಾಡಬಹುದು.

ಲಿಮಾದಲ್ಲಿ ಇಂಕಾ ಕಾಲದ್ದು ಏನಾದರೂ ಇದೆಯಾ?

ಇದೆ. ಮಾಚು ಪಿಚು ಕಟ್ಟಿದ ಇಂಕಾಗಳಿಗಿಂತ ಎಷ್ಟೋ ಹಳೆಯದೂ ಇದೆ. ಪೆರು ಅಂದರೆ ಇಂಕಾ ಅಷ್ಟೇ ಅಂದುಕೊಂಡಿರುವವರು ಇಲ್ಲಿ ಒಂದು ದಿನ ಕಳೆಯಲೇಬೇಕು. ಇಂಕಾಗಳು ಈ ಕರಾವಳಿಗೆ ಬಂದಿದ್ದು 15ನೇ ಶತಮಾನದಲ್ಲಿ. ಆ ಹೊತ್ತಿಗೆ ಇಲ್ಲಿ ಊರು, ಕಾಲುವೆ, ಗುಡಿಗಳು ಕಟ್ಟಿ ಸಾವಿರಾರು ವರ್ಷ ಆಗಿತ್ತು. ಮಳೆಯಿಲ್ಲದ ನೆಲದಲ್ಲಿ ರಿಮಾಕ್, ಚಿಯೋನ್, ಲುರಿನ್ ನದಿಗಳ ನೀರನ್ನು ಕಾಲುವೆಯಲ್ಲಿ ಹಾಯಿಸಿ ಬೆಳೆ ತೆಗೆದವರು ಇಂಕಾಗಳಿಗಿಂತ ಹಿಂದಿನ ಆ ಜನ. ಅವರ ಕಟ್ಟಡಗಳಿಗೆ ವಾಕಾ ಅನ್ನುತ್ತಾರೆ. ಲಿಮಾದಲ್ಲಿ ನೂರಾರು ವಾಕಾಗಳಿವೆ, ಕೆಲವು ಮನೆಗಳ ಮಧ್ಯೆಯೇ ಇವೆ.

ನೋಡಲು ಸುಲಭವಾದದ್ದು ಮಿರಾಫ್ಲೋರೆಸ್‌ನ ವಾಕಾ ಪುಕ್ಲಾನಾ. ಕ್ರಿ.ಶ. 200ರಿಂದ 700ರ ನಡುವಿನದು. ಕಟ್ಟಿದವರನ್ನು ಇತಿಹಾಸದಲ್ಲಿ ಲಿಮಾ ಸಂಸ್ಕೃತಿಯವರು ಎಂದು ಕರೆಯುತ್ತಾರೆ. ಸುಡದ ಮಣ್ಣಿನ ಸಣ್ಣ ಇಟ್ಟಿಗೆಗಳನ್ನು ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ಲಂಬವಾಗಿ ಜೋಡಿಸಿದ್ದಾರೆ. ನಡುವೆ ಸ್ವಲ್ಪ ಸಂದು ಬಿಟ್ಟಿದ್ದಾರೆ. ನೆಲ ನಡುಗಿದಾಗ ಇಟ್ಟಿಗೆಗಳು ಒಂದಿಷ್ಟು ಅಲುಗಾಡಿ ಮತ್ತೆ ಕೂರುತ್ತವೆ, ಗೋಡೆ ಬೀಳುವುದಿಲ್ಲ. ಸ್ಪೇನಿನವರು ಕಟ್ಟಿದ ಚರ್ಚುಗಳು ಎಷ್ಟು ಸಲ ಕುಸಿದವು ಅನ್ನುವುದನ್ನು ಹಳೇ ಊರಿನಲ್ಲಿ ಕೇಳಿ ಬಂದ ಮೇಲೆ ಇದನ್ನು ನೋಡಿದರೆ ಆ ಕೆಲಸಗಾರರ ಬಗ್ಗೆ ಗೌರವ ಉಕ್ಕುತ್ತದೆ. ಮಂಗಳವಾರ ರಜೆ. ಸಂಜೆ ದೀಪದ ಬೆಳಕಿನಲ್ಲಿ ತೋರಿಸುವ ದಿನಗಳೂ ಇವೆ, ಸಿಕ್ಕರೆ ಅದನ್ನೇ ಆರಿಸಿ.

ಇದಕ್ಕಿಂತ ದೊಡ್ಡದು ಪಚಾಕಾಮಾಕ್. ಊರಿನ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್, ಲುರಿನ್ ಕಣಿವೆಯಲ್ಲಿದೆ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಇದು ಯಾತ್ರಾಸ್ಥಳವಾಗಿತ್ತು. ಬೆಟ್ಟದಿಂದ, ಕರಾವಳಿಯಿಂದ ಜನ ನಡೆದು ಬಂದು ಇಲ್ಲಿನ ದೇವರ ಹತ್ತಿರ ಮುಂದಾಗುವುದನ್ನು ಕೇಳುತ್ತಿದ್ದರು. ಭೂಕಂಪ ಅವನ ಕೈಯಲ್ಲಿದೆ ಎಂದು ನಂಬಿದ್ದರು. ಈ ಸೀಮೆಯನ್ನು ಗೆದ್ದ ಇಂಕಾಗಳೂ ಆ ದೇವರನ್ನು ಕಿತ್ತು ಹಾಕಲಿಲ್ಲ, ಪಕ್ಕದಲ್ಲೇ ತಮ್ಮ ಸೂರ್ಯ ದೇವಾಲಯ ಕಟ್ಟಿದರು. 1533ರಲ್ಲಿ ಪಿಸಾರೊನ ತಮ್ಮ ಎರ್ನಾಂದೊ ಚಿನ್ನ ಹುಡುಕಿಕೊಂಡು ಬಂದು ವಿಗ್ರಹವನ್ನು ಉರುಳಿಸಿದ. ಸೂರ್ಯ ದೇವಾಲಯದ ಮೇಲಿಂದ ಸಾಗರ ಮತ್ತು ಎರಡು ನಡುಗಡ್ಡೆಗಳು ಕಾಣುತ್ತವೆ. ನೆರಳಿಲ್ಲ, ಟೋಪಿ ಮತ್ತು ನೀರು ಇರಲಿ. ಸೋಮವಾರ ಮುಚ್ಚಿರುತ್ತದೆ.

ಒಂದೇ ಮ್ಯೂಸಿಯಂಗೆ ಸಮಯವಿದ್ದರೆ ಯಾವುದು?

ಪುಯೆಬ್ಲೊ ಲಿಬ್ರೆಯಲ್ಲಿರುವ ಲಾರ್ಕೊ ಮ್ಯೂಸಿಯಂ. 1926ರಲ್ಲಿ ರಫಾಯೆಲ್ ಲಾರ್ಕೊ ಹೊಯ್ಲೆ ಶುರು ಮಾಡಿದ್ದು. ಇಂಕಾಗಳಿಗಿಂತ ಹಿಂದಿನ ಮೋಚೆ ಜನ ಮಾಡಿದ ಮಣ್ಣಿನ ಹೂಜಿಗಳ ಮೇಲಿನ ಮುಖಗಳನ್ನು ನೋಡಿ. ಒಬ್ಬರ ಹಾಗೆ ಇನ್ನೊಬ್ಬರಿಲ್ಲ, ಒಬ್ಬ ನಗುತ್ತಿದ್ದರೆ ಇನ್ನೊಬ್ಬನಿಗೆ ಕಣ್ಣಿಲ್ಲ. ಅಲ್ಲಿ ಉಗ್ರಾಣವನ್ನೂ ನೋಡಲು ಬಿಡುತ್ತಾರೆ. ಸಾವಿರಾರು ಮಡಕೆಗಳು ಗಾಜಿನ ಹಿಂದೆ ಸಾಲಾಗಿ ನಿಂತಿವೆ. ಲೈಂಗಿಕ ವಿಷಯದ ಮಡಕೆಗಳ ವಿಭಾಗ ಬೇರೆ ಕಟ್ಟಡದಲ್ಲಿದೆ, ಮಕ್ಕಳ ಜೊತೆ ಹೋದವರು ಅದನ್ನು ಬಿಟ್ಟು ಬರಬಹುದು. ವಾರದ ಏಳೂ ದಿನ ತೆರೆದಿರುತ್ತದೆ.

ಇನ್ನೊಂದಕ್ಕೆ ಸಮಯವಿದ್ದರೆ ಮಿರಾಫ್ಲೋರೆಸ್‌ನ ಕಡಲ ಬಂಡೆಯ ಮೇಲಿರುವ ನೆನಪಿನ ತಾಣ ಲುಮ್. 1980ರಿಂದ 2000ದವರೆಗೆ ಬಂಡುಕೋರರು ಮತ್ತು ಸೇನೆಯ ನಡುವೆ ಸಿಕ್ಕಿ ನರಳಿದವರ ಕಥೆ ಅಲ್ಲಿದೆ. ಸತ್ಯಶೋಧನಾ ಆಯೋಗದ ಅಂದಾಜಿನಂತೆ ಸತ್ತವರು, ಕಾಣೆಯಾದವರು ಸೇರಿ ಸುಮಾರು 69,000. ಅವರಲ್ಲಿ ಹೆಚ್ಚಿನವರು ಆಂಡಿಸ್ ಬೆಟ್ಟಗಳ ಕೆಚುವಾ ಭಾಷೆ ಮಾತಾಡುವ ಬಡ ರೈತರು. ಮನಸ್ಸು ಭಾರವಾಗುತ್ತದೆ. ಆದರೂ ಹೋಗಿ ಅನ್ನುತ್ತೇನೆ. ಮೆಟ್ರೋ ಕಿಟಕಿಯಿಂದ ಕಾಣುವ ಗುಡ್ಡದ ಮೇಲಿನ ಆ ಮನೆಗಳು ಯಾಕೆ ಹುಟ್ಟಿದವು ಅನ್ನುವುದು ಅಲ್ಲಿ ತಿಳಿಯುತ್ತದೆ.

ಸಮುದ್ರದಲ್ಲಿ ಈಜಬಹುದಾ?

ಲಿಮಾದ ಕಡಲು ನೋಡುವುದಕ್ಕೆ, ಅದರ ಪಕ್ಕ ನಡೆಯುವುದಕ್ಕೆ ಚೆನ್ನ. ಮಿರಾಫ್ಲೋರೆಸ್ ಕೆಳಗಿನ ದಂಡೆ ಬರೀ ಉರುಟು ಕಲ್ಲು, ನೀರು ತಣ್ಣಗೆ. ಅಲೆಗಳ ಮೇಲೆ ಸರ್ಫಿಂಗ್ ಕಲಿಸುವವರಿದ್ದಾರೆ, ದಪ್ಪ ಈಜುಡುಗೆ ಅವರೇ ಕೊಡುತ್ತಾರೆ. ಮರಳ ದಂಡೆ ಬೇಕಿದ್ದರೆ ಚೊರ್ರಿಯೋಸ್‌ನ ಆಗ್ವಾ ದುಲ್ಸೆ ಇದೆ. ಬೇಸಿಗೆಯ ಭಾನುವಾರ ಅಲ್ಲಿ ಜಾತ್ರೆಯಷ್ಟು ಜನ.

ಬಂಡೆಯ ಮೇಲಿನ ಮಲೆಕೋನ್ ನಡಿಗೆ ದಾರಿಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಕಿಲೋಮೀಟರ್‌ಗಟ್ಟಲೆ ಉದ್ಯಾನ, ಒಂದು ಬದಿಗೆ ಎತ್ತರದ ಕಟ್ಟಡಗಳು, ಇನ್ನೊಂದು ಬದಿಗೆ ಸೀದಾ ಕೆಳಗೆ ಸಾಗರ. ಲಾರ್ಕೊಮಾರ್ ಮಾಲ್‌ನಿಂದ ಹೊರಟರೆ ದಾರಿಯಲ್ಲಿ ಪ್ರೇಮದ ಉದ್ಯಾನ ಸಿಗುತ್ತದೆ. ವಿಕ್ತೋರ್ ದೆಲ್ಫಿನ್ ಮಾಡಿದ ಮುತ್ತಿಡುವ ಜೋಡಿಯ ದೊಡ್ಡ ಶಿಲ್ಪ 1993ರಿಂದ ಅಲ್ಲಿದೆ. ಮುಂದೆ ಹೋದರೆ ಪ್ಯಾರಾಗ್ಲೈಡಿಂಗ್ ಮಾಡಿಸುವ ಜಾಗ, ಆಮೇಲೆ ದೀಪಸ್ತಂಭ. ಹಾರುವುದು ಗಾಳಿಯ ಮೇಲೆ ನಿಂತಿದೆ. ಮುಂಗಡ ಹಣ ಕೊಟ್ಟು ಕಾಯುವುದಕ್ಕಿಂತ ಗಾಳಿ ಇರುವ ಮಧ್ಯಾಹ್ನ ಸೀದಾ ಹೋಗಿ ವಿಚಾರಿಸಿ.

ಬಾರ್ರಾಂಕೊದಲ್ಲಿ ಏನಿದೆ?

ಒಂದು ಕಾಲಕ್ಕೆ ಶ್ರೀಮಂತರ ಬೇಸಿಗೆ ಮನೆಗಳಿದ್ದ ಊರು, ಈಗ ಕಲಾವಿದರದ್ದು. 1876ರ ಮರದ ನಿಟ್ಟುಸಿರಿನ ಸೇತುವೆ, ಕೆಳಗೆ ಸಮುದ್ರಕ್ಕೆ ಇಳಿಯುವ ಓಣಿ, ಗೋಡೆ ತುಂಬ ಚಿತ್ರಗಳು. ಸಂಜೆ ನಾಲ್ಕಕ್ಕೆ ಹೋಗಿ ರಾತ್ರಿವರೆಗೆ ಇರಿ. ಪೆನ್ಯಾ ಎಂಬ ಸಂಗೀತದ ಹೋಟೆಲುಗಳಲ್ಲಿ ಕಹೋನ್ ವಾದ್ಯ ಕೇಳಬಹುದು. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರು ಮರದ ಪೆಟ್ಟಿಗೆಯನ್ನೇ ತಾಳವಾದ್ಯ ಮಾಡಿಕೊಂಡರು. ವಾದಕ ಅದರ ಮೇಲೇ ಕೂತು ನುಡಿಸುತ್ತಾನೆ.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುವುದು?

ಹೆದರಬೇಡಿ, ಆದರೆ ಕೇಳಿ ತಿಳಿದು ತಿನ್ನಿ. ‘ಸಿನ್ ಕಾರ್ನೆ’ ಅಂದರೆ ಮಾಂಸ ಬೇಡ ಅಂತ. ಆದರೆ ಅಲ್ಲಿ ಎಷ್ಟೋ ಜನಕ್ಕೆ ಕೋಳಿ, ಮೀನು ಆ ಲೆಕ್ಕಕ್ಕೆ ಬರುವುದಿಲ್ಲ. ‘ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ’ ಎಂದು ಮೂರನ್ನೂ ಹೇಳಿ. ಮೊಟ್ಟೆಯೂ ಬೇಡವಾದರೆ ‘ಸಿನ್ ವೇವೊ’ ಸೇರಿಸಿ. ಸೂಪು ತರಕಾರಿಯದ್ದೇ ಆದರೂ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರಬಹುದು. ಕಾಳಿನ ಪಲ್ಯಕ್ಕೆ ಹಂದಿ ಕೊಬ್ಬು ಬಿದ್ದಿರಬಹುದು. ಬೀದಿಯಲ್ಲಿ ಕೆಂಡದ ಮೇಲೆ ಸುಡುವ ಅಂತಿಕೂಚೊ ದನದ ಹೃದಯದ್ದು.

ಧೈರ್ಯವಾಗಿ ತಿನ್ನಬಹುದಾದದ್ದೂ ಬೇಕಾದಷ್ಟಿದೆ. ಬೇಯಿಸಿದ ಆಲೂಗಡ್ಡೆ ಮೇಲೆ ಚೀಸ್ ಮತ್ತು ಹಳದಿ ಮೆಣಸಿನಕಾಯಿಯ ಗೊಜ್ಜು ಸುರಿದು ಕೊಡುವ ಪಾಪಾ ಆ ಲಾ ವಾಂಕಾಯ್ನಾ ನಮ್ಮ ಬಾಯಿಗೆ ಹಿಡಿಸುತ್ತದೆ. ಮೇಲೆ ಮೊಟ್ಟೆ ಇಡುತ್ತಾರೆ, ಬೇಡ ಅನ್ನಿ. ಕೌಸಾ ಅಂದರೆ ನಿಂಬೆರಸ, ಮೆಣಸಿನಕಾಯಿ ಹಾಕಿ ಕಲಸಿದ ಆಲೂಗಡ್ಡೆಯ ಪದರ. ಒಳಗೆ ಬೆಣ್ಣೆಹಣ್ಣು ಮಾತ್ರ ಇಡಲು ಹೇಳಿ. ದೊಡ್ಡ ಕಾಳಿನ ಮೆಕ್ಕೆಜೋಳವನ್ನು ಬೇಯಿಸಿ ಚೀಸ್ ತುಂಡಿನ ಜೊತೆ ಕೊಡುತ್ತಾರೆ. ಸಿಹಿಗುಂಬಳ, ಗೆಣಸಿನ ಹಿಟ್ಟನ್ನು ಬಳೆಯ ಹಾಗೆ ಕರಿದು, ಬೆಲ್ಲದ ಪಾಕ ಹಾಕುವ ಪಿಕಾರೋನೆಸ್ ಬಿಸಿಬಿಸಿಯಾಗಿ ತಿನ್ನಬೇಕು. ನೇರಳೆ ಜೋಳದಿಂದ ಮಾಡುವ ಚಿಚಾ ಮೊರಾದಾ ಪಾನಕದಲ್ಲಿ ಮದ್ಯ ಇರುವುದಿಲ್ಲ. ಅನ್ನವೇ ಬೇಕು ಅನಿಸಿದ ದಿನ ಚೀಫಾ ಎಂಬ ಚೀನೀ ಹೋಟೆಲಿಗೆ ಹೋಗಿ. ಬೀದಿಗೊಂದು ಇದೆ, ತರಕಾರಿ ಚೌಫಾ ಕೇಳಿ.

ಹಣ್ಣುಗಳ ಬಗ್ಗೆ ಬೇರೆಯೇ ಹೇಳಬೇಕು. ಸುರ್ಕಿಯೊ ಮಾರುಕಟ್ಟೆಗೆ ಒಂದು ಬೆಳಗ್ಗೆ ಹೋಗಿ. ನಮ್ಮ ಸೀತಾಫಲದ ಜಾತಿಯದೇ ಆದ ಚಿರಿಮೋಯಾ, ಚಮಚದಲ್ಲಿ ತಿನ್ನುವ ಗ್ರಾನದೀಯಾ, ಐಸ್‌ಕ್ರೀಮಿಗೆ ಹಾಕುವ ಲೂಕುಮಾ. ಅಲ್ಲಿ ಮಾರುವವರೂ ಕೊಳ್ಳುವವರೂ ಒಬ್ಬರನ್ನೊಬ್ಬರು ‘ಕಸೇರಿತಾ’, ‘ಕಸೇರಿತೊ’ ಎಂದು ಪ್ರೀತಿಯಿಂದ ಕರೆಯುತ್ತಾರೆ. ನೀವೂ ಹಾಗೆ ಕರೆದು ನೋಡಿ, ಇನ್ನೊಂದು ಹಣ್ಣು ಕೈಗೆ ಬರಬಹುದು. ಆಲೂಗಡ್ಡೆಯ ರಾಶಿಗಳ ಮುಂದೆಯೂ ಸ್ವಲ್ಪ ನಿಲ್ಲಿ. ನಮ್ಮ ಮಸಾಲೆ ದೋಸೆಯ ಪಲ್ಯದ ಆಲೂಗಡ್ಡೆಗೆ ಮೂಲ ಈ ಆಂಡಿಸ್ ಸೀಮೆ. ಜಗತ್ತಿನ ಆಲೂಗಡ್ಡೆ ತಳಿಗಳನ್ನು ಕಾಪಾಡುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ 1971ರಿಂದ ಲಿಮಾದಲ್ಲೇ ಇದೆ.

ಮೀನು ತಿನ್ನುವವರಿಗೆ?

ಸೆವಿಚೆ ತಿನ್ನದೆ ಬರಬೇಡಿ. ಹಸಿ ಮೀನಿನ ತುಂಡುಗಳನ್ನು ನಿಂಬೆರಸ, ಉಪ್ಪು, ಮೆಣಸಿನಕಾಯಿ, ಈರುಳ್ಳಿಯಲ್ಲಿ ಕಲಸಿ ಕೂಡಲೇ ಕೊಡುತ್ತಾರೆ. ಒಲೆಯೇ ಇಲ್ಲ. ಇದು ಮಧ್ಯಾಹ್ನದ ಊಟ. ಒಳ್ಳೆಯ ಸೆವಿಚೆ ಹೋಟೆಲುಗಳು ಸಂಜೆಗೆ ಬಾಗಿಲು ಹಾಕುತ್ತವೆ. ಜನ ತುಂಬಿರುವ ಕಡೆ ಮಾತ್ರ ತಿನ್ನಿ. 1899ರಿಂದ ವಲಸೆ ಬಂದ ಜಪಾನಿನವರ ಕೈರುಚಿ ಇಲ್ಲಿನ ಮೀನಡುಗೆಯನ್ನು ಇನ್ನಷ್ಟು ಬೆಳೆಸಿತು. ಜಗತ್ತಿನ 50 ಉತ್ತಮ ಹೋಟೆಲುಗಳ ಪಟ್ಟಿಯಲ್ಲಿ ಲಿಮಾದ ಸೆಂತ್ರಾಲ್ 2023ರಲ್ಲಿ, ಮಾಯ್ದೊ 2025ರಲ್ಲಿ ಮೊದಲ ಸ್ಥಾನ ಪಡೆದವು. ಅಲ್ಲಿಗೆ ತಿಂಗಳುಗಳ ಮುಂಚೆ ಟೇಬಲ್ ಕಾದಿರಿಸಬೇಕು, ಬಿಲ್ಲೂ ದೊಡ್ಡದು. ಬಡಾವಣೆಯ ಹೋಟೆಲುಗಳಲ್ಲಿ ಮಧ್ಯಾಹ್ನ ಸಿಗುವ ‘ಮೆನು’ ಅಂದರೆ ಸೂಪು, ಊಟ, ಪಾನಕ ಸೇರಿದ ಅಗ್ಗದ ಊಟ. ರುಚಿಗೆ ಅದು ಏನೂ ಕಡಿಮೆಯಿಲ್ಲ.

ನಲ್ಲಿ ನೀರು ಕುಡಿಯಬಹುದಾ?

ಬೇಡ. ಬಾಟಲಿ ನೀರು ಕೊಳ್ಳಿ. ‘ಸಿನ್ ಗಾಸ್’ ಅನ್ನದಿದ್ದರೆ ಸೋಡಾ ನೀರು ಕೊಟ್ಟಾರು.

ಹಣ ಹೇಗೆ ಒಯ್ಯುವುದು?

ಅಲ್ಲಿನ ನಾಣ್ಯ ಸೋಲ್. ಒಂದು ಸೋಲ್ ಅಂದರೆ ಸುಮಾರು 25 ರೂಪಾಯಿ ಎಂದು ಲೆಕ್ಕ ಹಾಕಿಕೊಳ್ಳಿ. ರೂಪಾಯಿ ಅಲ್ಲಿ ಬದಲಾಗುವುದಿಲ್ಲ, ಡಾಲರ್ ಒಯ್ಯಿರಿ. ನೋಟಿನ ಅಂಚು ಒಂದಿಷ್ಟು ಹರಿದಿದ್ದರೂ ಬೇಡ ಅನ್ನುತ್ತಾರೆ, ಹೊಸ ನೋಟುಗಳನ್ನೇ ಆರಿಸಿ. ಹೋಟೆಲು, ಅಂಗಡಿಗಳಲ್ಲಿ ಕಾರ್ಡ್ ನಡೆಯುತ್ತದೆ. ಎಲ್ಲರೂ ಯಾಪೆ ಆ್ಯಪ್‌ನಲ್ಲಿ ಹಣ ಕಳಿಸುವುದನ್ನು ನೋಡಿ ನಮ್ಮ ಯುಪಿಐ ನೆನಪಾಗುತ್ತದೆ. ಆದರೆ ಅದು ಅಲ್ಲಿಯವರಿಗೇ ಮಾಡಿದ್ದು, ಪ್ರವಾಸಿಗಳು ಅದನ್ನು ನಂಬಿಕೊಳ್ಳುವ ಹಾಗಿಲ್ಲ. ಹಾಗಾಗಿ 10, 20 ಸೋಲ್ ನೋಟುಗಳು, ಚಿಲ್ಲರೆ ಕೈಯಲ್ಲಿರಲಿ. ನಕಲಿ ನೋಟಿನ ಕಾಟವೂ ಇದೆ. ಅಂಗಡಿಯವರು ನಿಮ್ಮ ನೋಟನ್ನು ಬೆಳಕಿಗೆ ಹಿಡಿದು ನೋಡಿದರೆ ಬೇಜಾರು ಮಾಡಿಕೊಳ್ಳಬೇಡಿ, ನೀವೂ ನೋಡಿ ತೆಗೆದುಕೊಳ್ಳಿ.

ಲಿಮಾ ಸುರಕ್ಷಿತವಾ? ಹೆಂಗಸರು ಒಬ್ಬರೇ ಹೋಗಬಹುದಾ?

ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಈಚಿನ ವರ್ಷಗಳಲ್ಲಿ ಲಿಮಾದಲ್ಲಿ ಸುಲಿಗೆ, ಕೊಲೆಗಳು ಹೆಚ್ಚಿವೆ. ಅದಕ್ಕೆ ಹೆಚ್ಚು ಬಲಿಯಾಗುತ್ತಿರುವವರು ಬಸ್ ಚಾಲಕರು, ಸಣ್ಣ ಅಂಗಡಿಯವರು. 2025ರಲ್ಲಿ ಲಿಮಾ ಮತ್ತು ಕಯಾವೊದಲ್ಲಿ ಒಂದಕ್ಕಿಂತ ಹೆಚ್ಚು ಸಲ ತುರ್ತು ಪರಿಸ್ಥಿತಿ ಘೋಷಿಸಿದರು. ಹೊರಡುವ ಮುಂಚೆ ಸುದ್ದಿ ನೋಡಿಕೊಳ್ಳಿ.

ಪ್ರವಾಸಿಗರಿಗೆ ಸಾಮಾನ್ಯವಾಗಿ ಆಗುವುದು ಫೋನ್ ಕಸಿಯುವುದು. ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುತ್ತಾರೆ. ರಸ್ತೆ ಅಂಚಿನಲ್ಲಿ ನಿಂತು ಮ್ಯಾಪ್ ನೋಡಬೇಡಿ, ಅಂಗಡಿಯೊಳಗೆ ಹೋಗಿ ನೋಡಿ. ಕಾರಿನ ಕಿಟಕಿ ಏರಿಸಿರಿ, ಬ್ಯಾಗು ತೊಡೆಯ ಮೇಲಲ್ಲ, ಕಾಲ ಕೆಳಗಿರಲಿ. ಚಿನ್ನದ ಸರ, ಬಳೆ ಮನೆಯಲ್ಲೇ ಬಿಟ್ಟು ಹೋಗಿ. ಮಿರಾಫ್ಲೋರೆಸ್, ಸಾನ್ ಇಸಿದ್ರೊಗಳಲ್ಲಿ ಸೆರೆನಾಸ್ಗೊ ಎಂಬ ನಗರಸಭೆಯ ಕಾವಲುಗಾರರು ಸುತ್ತುತ್ತಿರುತ್ತಾರೆ, ತೊಂದರೆಯಾದರೆ ಅವರನ್ನು ಕರೆಯಿರಿ. ಪೊಲೀಸ್ ಸಂಖ್ಯೆ 105. ಒಬ್ಬರೇ ತಿರುಗುವ ಹೆಂಗಸರು ಈ ಭಾಗಗಳಲ್ಲಿ ಹಗಲು ಆರಾಮಾಗಿ ಓಡಾಡುತ್ತಾರೆ. ರಾತ್ರಿ ಆ್ಯಪ್ ಟ್ಯಾಕ್ಸಿ ಹಿಡಿಯುವುದು ಒಳ್ಳೆಯದು. ಪಾಸ್‌ಪೋರ್ಟ್ ರೂಮಿನಲ್ಲಿಟ್ಟು ಪ್ರತಿ ಒಯ್ಯಿರಿ. ಕಳೆದುಹೋದರೆ ಭಾರತದ ರಾಯಭಾರ ಕಚೇರಿ ಲಿಮಾದಲ್ಲೇ ಇದೆ.

ಭೂಕಂಪ ಆದರೆ?

ಸಣ್ಣ ನಡುಕ ಅಲ್ಲಿ ಮಾಮೂಲು. 1746ರ ಅಕ್ಟೋಬರ್ 28ರ ಭೂಕಂಪ ಊರನ್ನು ಬಹುಪಾಲು ನೆಲಸಮ ಮಾಡಿತು, ಸುನಾಮಿ ಕಯಾವೊವನ್ನು ಕೊಚ್ಚಿತು. ಈಗ ಪ್ರತಿ ಕಟ್ಟಡದಲ್ಲೂ ಹಸಿರು ಬಣ್ಣದ ‘ಎಸ್’ ಅಕ್ಷರದ ಫಲಕ ಇರುತ್ತದೆ. ನಡುಗಿದಾಗ ನಿಲ್ಲಬೇಕಾದ ಜಾಗ ಅದು. ರೂಮಿಗೆ ಹೋದ ಕೂಡಲೇ ಅದೆಲ್ಲಿದೆ ನೋಡಿಟ್ಟುಕೊಳ್ಳಿ. ಕಡಲ ದಂಡೆಯಲ್ಲಿದ್ದಾಗ ಜೋರಾಗಿ ನಡುಗಿದರೆ ಕಾಯದೆ ಮೇಲಕ್ಕೆ ಹತ್ತಿ.

ಅಕ್ಟೋಬರ್‌ನಲ್ಲಿ ಎಲ್ಲರೂ ನೇರಳೆ ಬಟ್ಟೆ ತೊಡುವುದು ಯಾಕೆ?

ಪವಾಡಗಳ ಸ್ವಾಮಿಯ ಉತ್ಸವ. 17ನೇ ಶತಮಾನದಲ್ಲಿ ಆಫ್ರಿಕಾದ ಒಬ್ಬ ಗುಲಾಮ ಮಣ್ಣಿನ ಗೋಡೆಯ ಮೇಲೆ ಕ್ರಿಸ್ತನ ಚಿತ್ರ ಬರೆದ. 1655ರ ಭೂಕಂಪದಲ್ಲಿ ಸುತ್ತಲಿನದೆಲ್ಲ ಬಿದ್ದರೂ ಆ ಗೋಡೆ ನಿಂತಿತು. ಅದರ ಪ್ರತಿಕೃತಿಯನ್ನು ಹೊತ್ತು ಲಾಸ್ ನಸರೇನಾಸ್ ಚರ್ಚಿನಿಂದ ಮೆರವಣಿಗೆ ಹೊರಡುತ್ತದೆ. ಲಕ್ಷಾಂತರ ಜನ, ಧೂಪದ ಹೊಗೆ, ಹಾಡು. ಆ ತಿಂಗಳಲ್ಲಿದ್ದರೆ ಒಂದು ದಿನ ನೋಡಲೇಬೇಕು. ಕೈಯಲ್ಲಿ ಬೆಲೆಬಾಳುವುದೇನೂ ಬೇಡ, ವಯಸ್ಸಾದವರು ಗುಂಪಿನ ಅಂಚಿನಲ್ಲೇ ಇರಲಿ. ಸೋಂಪು ಹಾಕಿದ ತುರ್ರೋನ್ ಸಿಹಿ ಆಗ ಎಲ್ಲೆಲ್ಲೂ ಮಾರುತ್ತಾರೆ.

ಮಕ್ಕಳಿಗೆ ಏನು ತೋರಿಸುವುದು?

ರೆಸೆರ್ವಾ ಉದ್ಯಾನದ ನೀರಿನ ಕಾರಂಜಿಗಳು. ಸಂಜೆ ದೀಪ, ಸಂಗೀತದ ಜೊತೆ ಚೆನ್ನಾಗಿರುತ್ತವೆ. ಕೆಲವದರೊಳಗೆ ಮಕ್ಕಳು ನೆನೆಯುತ್ತಾ ಓಡಬಹುದು, ಬದಲಿ ಬಟ್ಟೆ ಇರಲಿ. ಕಯಾವೊದಿಂದ ದೋಣಿಯಲ್ಲಿ ಪಾಲೊಮಿನೊ ನಡುಗಡ್ಡೆಗಳಿಗೆ ಹೋದರೆ ಕಡಲ ಸಿಂಹಗಳ ಹಿಂಡು ಕಾಣುತ್ತದೆ. ಮಿರಾಫ್ಲೋರೆಸ್‌ನ ಕೆನೆಡಿ ಉದ್ಯಾನದ ತುಂಬಾ ಬೆಕ್ಕುಗಳು.

ಲಿಮಾದಿಂದ ಒಂದು ದಿನದಲ್ಲಿ ಹೋಗಿ ಬರುವಂಥದ್ದು?

ಉತ್ತರಕ್ಕೆ ಮೂರೂವರೆ ಗಂಟೆ ದಾರಿಯಲ್ಲಿ ಕರಾಲ್. ಸುಮಾರು 5,000 ವರ್ಷ ಹಳೆಯ ಊರು, ಅಮೆರಿಕ ಖಂಡಗಳಲ್ಲೇ ಅತಿ ಹಳೆಯವುಗಳಲ್ಲಿ ಒಂದು. ನಮ್ಮ ಹರಪ್ಪಾದ ಕಾಲಕ್ಕೇ ಅಲ್ಲಿ ಪಿರಮಿಡ್ ಕಟ್ಟುತ್ತಿದ್ದರು. ಪುರಾತತ್ವಜ್ಞೆ ರೂತ್ ಶಾದಿ 1990ರ ದಶಕದಿಂದ ಅದನ್ನು ಅಗೆದು ಜಗತ್ತಿಗೆ ತೋರಿಸಿದರು. 2009ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು.

ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಹೋದವರಿಗೆ ನಾನು ಮೊದಲು ಹೇಳುವುದು ಮಂಜಿನಿಂದ ಹಸಿರಾಗುವ ಲೋಮಾ ಗುಡ್ಡಗಳ ವಿಷಯ. ಎಲ್ಲರೂ ಬೈಯುವ ಆ ಬೂದು ಮಂಜು ಕರಾವಳಿಯ ಒಣ ಗುಡ್ಡಗಳಿಗೆ ತಾಗಿ ಹನಿಯಾಗುತ್ತದೆ. ವರ್ಷದ ಅರ್ಧ ಬರೀ ಮಣ್ಣು ಕಲ್ಲಾಗಿದ್ದ ಗುಡ್ಡ ಕೆಲವೇ ವಾರದಲ್ಲಿ ಹಸಿರಾಗಿ ಹೂ ಬಿಡುತ್ತದೆ. ಬೇಸಿಗೆ ಬಂದರೆ ಮತ್ತೆ ಎಲ್ಲ ಮಾಯ. ಹತ್ತಿರದ್ದು ಪಚಾಕಾಮಾಕ್ ಕಡೆಯ ಲೋಮಾಸ್ ದೆ ಲುಕುಮೊ. ದೊಡ್ಡದು ಉತ್ತರಕ್ಕೆ ನೂರು ಕಿಲೋಮೀಟರ್ ಆಚೆಯ ಲಾಚಾಯ್. ಲಿಮಾದ ಗುಡ್ಡದ ಮೇಲಿನ ಬಡ ಬಡಾವಣೆಗಳಲ್ಲಿ ಬಲೆ ಕಟ್ಟಿ ಇದೇ ಮಂಜಿನಿಂದ ನೀರು ಹಿಡಿಯುವವರಿದ್ದಾರೆ. ಜಾರದ ಬೂಟು ಬೇಕು, ದಾರಿ ಕೆಸರಾಗಿರುತ್ತದೆ. ದಾರಿ ಬಿಟ್ಟು ಕಾಲಿಡಬೇಡಿ, ಆ ಗಿಡಗಳು ಮತ್ತೆ ಹುಟ್ಟಲು ಒಂದು ವರ್ಷ ಕಾಯಬೇಕು.

ದಕ್ಷಿಣದ ಪರಾಕಾಸ್ ಕರಾವಳಿ ಮತ್ತು ವಾಕಾಚಿನಾ ಮರಳುದಿಬ್ಬಗಳನ್ನು ಒಂದೇ ದಿನದಲ್ಲಿ ತೋರಿಸುತ್ತೇವೆ ಅನ್ನುವ ಬಸ್ಸುಗಳಿವೆ. ನಸುಕಿನಲ್ಲಿ ಹೊರಟು ನಡುರಾತ್ರಿ ಬರಬೇಕಾಗುತ್ತದೆ. ಒಂದು ರಾತ್ರಿ ಅಲ್ಲೇ ಉಳಿಯಿರಿ.

ಲಿಮಾದಲ್ಲಿ ಉಸಿರಾಟದ ತೊಂದರೆ ಆಗುತ್ತದಾ?

ಇಲ್ಲ, ಅದು ಕಡಲ ಮಟ್ಟದ ಊರು. ತೊಂದರೆ ಕುಸ್ಕೊದಲ್ಲಿ, ಅದು 3,400 ಮೀಟರ್ ಎತ್ತರದಲ್ಲಿದೆ. ಲಿಮಾದಿಂದ ವಿಮಾನದಲ್ಲಿ ಒಂದೂ ಕಾಲು ಗಂಟೆಯಲ್ಲಿ ಅಷ್ಟು ಎತ್ತರಕ್ಕೆ ಹೋಗಿಬಿಡುತ್ತೀರಿ. ಮೊದಲ ದಿನ ಏನೂ ಇಟ್ಟುಕೊಳ್ಳಬೇಡಿ. ಬಿಪಿ, ಹೃದಯದ ತೊಂದರೆ ಇರುವವರು ಊರಿನಲ್ಲೇ ವೈದ್ಯರನ್ನು ಕೇಳಿಕೊಂಡು ಹೊರಡಿ.

ಚಾರ್ಜರ್, ಸಿಮ್?

ವಿದ್ಯುತ್ 220 ವೋಲ್ಟ್. ಎರಡು ಪಿನ್ನಿನ ನಮ್ಮ ಫೋನ್ ಚಾರ್ಜರ್ ಬಹಳ ಕಡೆ ಹಿಡಿಯುತ್ತದೆ. ಮೂರು ಪಿನ್ನಿನ ಲ್ಯಾಪ್‌ಟಾಪ್ ಪ್ಲಗ್‌ಗೆ ಅಡಾಪ್ಟರ್ ಬೇಕು. ಸಿಮ್ ಕೊಳ್ಳುವುದಾದರೆ ಬೀದಿಯಲ್ಲಿ ಬೇಡ, ಕ್ಲಾರೊ ಅಥವಾ ಎಂತೆಲ್ ಅಂಗಡಿಗೆ ಪಾಸ್‌ಪೋರ್ಟ್ ಒಯ್ಯಿರಿ. ಇ-ಸಿಮ್ ನಡೆಯುವ ಫೋನಿದ್ದರೆ ಊರಿನಿಂದಲೇ ಹಾಕಿಸಿಕೊಂಡು ಹೋಗಿ. ಇಳಿದ ಕೂಡಲೇ ಟ್ಯಾಕ್ಸಿ ಕರೆಯಬಹುದು.